ಮೊದಲ ನೂರೈವತ್ತು ಕಿಲೋಬೈಟ್: ಸ್ಟಾಪ್ ಡಿಜೆವಿಯು ರ‍್ಯಾನ್ಸಮ್‌ವೇರ್ ಕಡತಗಳಿಗೆ ಬೀಗ ಜಡಿಯುವ ಬಗೆ, ಅದನ್ನು ಪತ್ತೆಹಚ್ಚುವ ದಾರಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೇನೆ. ಮದುವೆ ಆಲ್ಬಂ ವಿನ್ಯಾಸ ಮಾಡುವ ತಂತ್ರಾಂಶವೊಂದರ ಕ್ರ್ಯಾಕ್ ಆವೃತ್ತಿಯನ್ನು, ಅಂದರೆ ಹಣ ಕೊಡದೆ ಬಳಸುವ ಕಳ್ಳ ಪ್ರತಿಯನ್ನು, ನಮ್ಮ ಹುಡುಗ ಡೌನ್‌ಲೋಡ್ ಮಾಡಿ ಹಾಕಿದ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಫೋಟೋ, ವಿಡಿಯೋ, ಬಿಲ್ಲುಗಳ ಹೆಸರಿನ ಕೊನೆಗೆ ನಾಲ್ಕಕ್ಷರದ ಹೊಸ ಬಾಲ ಸೇರಿಕೊಂಡು ಯಾವುದೂ ತೆರೆಯದಂತಾಯಿತು. ಪ್ರತಿ ಫೋಲ್ಡರಿನಲ್ಲೂ ರೀಡ್‌ಮೀ ಎಂಬ ಟೆಕ್ಸ್ಟ್ ಕಡತವಿದೆ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ 490 ಡಾಲರ್ ಸಾಕು ಎಂದು ಬರೆದಿದೆ. ಆ ಚೀಟಿಯ ಪ್ರತಿಯನ್ನು ಕಳಿಸಿದ್ದೇನೆ. ಕಂಪ್ಯೂಟರಿನಲ್ಲಿ ಆಂಟಿವೈರಸ್ ಇತ್ತು. ಇಷ್ಟು ಬೇಗ ಇದು ಹೇಗಾಯಿತು, ಆಂಟಿವೈರಸ್ ಏಕೆ ಹಿಡಿಯಲಿಲ್ಲ, ಫೋಟೋಗಳು ಮರಳಿ ಸಿಗುತ್ತವೆಯೇ, ಇಂಥದ್ದು ನಡೆಯುತ್ತಿರುವಾಗಲೇ ಗೊತ್ತುಮಾಡಿಕೊಳ್ಳುವುದು ಹೇಗೆ? ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಡಲೇ?

ಉತ್ತರ: ಮೊದಲಿಗೆ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದೊಂದೇ ತುರ್ತಿನದು: ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಕಾರಣ ಮುಂದೆ ತಾನಾಗಿಯೇ ತಿಳಿಯುತ್ತದೆ.

ನೀವು ಕೊಟ್ಟಿರುವ ವಿವರಗಳೆಲ್ಲ ಒಂದೇ ಕಡೆಗೆ ಬೊಟ್ಟುಮಾಡುತ್ತವೆ. ಕ್ರ್ಯಾಕ್ ತಂತ್ರಾಂಶದ ಜೊತೆಗೆ ಬಂದಿರುವುದು, ರೀಡ್‌ಮೀ ಎಂಬ ಚೀಟಿ, 980 ಮತ್ತು 490 ಡಾಲರ್‌ಗಳ ಲೆಕ್ಕ, 72 ಗಂಟೆಗಳ ಗಡುವು, ಇವು ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯಲಾಗುವ, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರ‍್ಯಾನ್ಸಮ್‌ವೇರ್ ತಳಿಯ ಮುದ್ರೆಗಳು. 2018ರ ಕೊನೆಯಲ್ಲಿ ಕಡತಗಳ ಹೆಸರಿಗೆ ಡಿಜೆವಿಯು ಎಂಬ ಬಾಲ ಹಚ್ಚುತ್ತಿದ್ದುದರಿಂದ ಇದಕ್ಕೆ ಆ ಹೆಸರು ಬಂದಿತು. ಆಮೇಲೆ ನೂರಾರು ಬಾರಿ ಬಾಲವನ್ನು ಬದಲಿಸಿದೆ, ಒಳಗಿನ ಕೆಲಸ ಮಾತ್ರ ಹೆಚ್ಚು ಬದಲಾಗಿಲ್ಲ. ದೊಡ್ಡ ಕಂಪನಿಗಳ ಜಾಲಕ್ಕೆ ನುಗ್ಗಿ ಕೋಟಿಗಟ್ಟಲೆ ಕೇಳುವ ತಂಡಗಳು ಸುದ್ದಿಯಾಗುತ್ತವೆ. ಈ ತಳಿಯ ಗಿರಾಕಿಗಳು ಮನೆಯ ಕಂಪ್ಯೂಟರುಗಳು, ಡಿಟಿಪಿ ಅಂಗಡಿಗಳು, ಸ್ಟುಡಿಯೋಗಳು, ವಿದ್ಯಾರ್ಥಿಗಳು. ವಿಂಡೋಸ್ ಆ್ಯಕ್ಟಿವೇಟರ್, ತಂತ್ರಾಂಶಗಳಿಗೆ ಕಳ್ಳ ಪರವಾನಗಿ ಸಂಖ್ಯೆ ಕೊಡುವ ಕೀಜೆನ್, ಆಟಗಳ ಚೀಟ್, ಫೋಟೋ ಸಂಪಾದನೆಯ ತಂತ್ರಾಂಶಗಳ ಕ್ರ್ಯಾಕ್, ಇವೇ ಇದರ ಹೆದ್ದಾರಿ. ಹಾಗಾಗಿ ನಮ್ಮ ಊರುಗಳ ಸಣ್ಣ ಸ್ಟುಡಿಯೋಗಳಿಗೆ ಇದು ತಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಇದು ಕೆಲಸ ಶುರುಮಾಡುವ ಬಗೆಯನ್ನು ಕ್ರಮವಾಗಿ ನೋಡೋಣ, ಏಕೆಂದರೆ ಪತ್ತೆಯ ಅವಕಾಶಗಳು ಅಲ್ಲಲ್ಲೇ ಅಡಗಿವೆ. ಕ್ರ್ಯಾಕ್ ಎಂದುಕೊಂಡು ಓಡಿಸಿದ ಕಾರ್ಯಕ್ರಮವು ಮೊಟ್ಟಮೊದಲು ಅಂತರಜಾಲದ ಒಂದು ವಿಳಾಸ-ಶೋಧ ಸೇವೆಯನ್ನು ಕೇಳಿ, ತಾನಿರುವುದು ಯಾವ ದೇಶದಲ್ಲಿ ಎಂದು ತಿಳಿದುಕೊಳ್ಳುತ್ತದೆ. ರಷ್ಯಾ, ಬೆಲಾರುಸ್, ಉಕ್ರೇನ್, ಕಜಾಕಿಸ್ತಾನ, ಅರ್ಮೇನಿಯ, ಸಿರಿಯಾ ಮುಂತಾದ ಕೆಲವು ದೇಶಗಳಾದರೆ ಸುಮ್ಮನೆ ಹೊರಟುಹೋಗುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಬಳಿಕ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನೊಳಗೆ ಅರ್ಥವಿಲ್ಲದ ಉದ್ದನೆಯ ಹೆಸರಿನ ಒಂದು ಫೋಲ್ಡರನ್ನು ಮಾಡಿ, ಅದರೊಳಗೆ ತನ್ನ ಪ್ರತಿಯನ್ನಿಟ್ಟು, ಅದನ್ನು ಯಾರೂ ಅಳಿಸದಂತೆ ವಿಂಡೋಸಿನ ಐಕ್ಯಾಕ್ಲ್ಸ್ ಆದೇಶದ ಮೂಲಕ ಅನುಮತಿಗಳನ್ನು ಕಿತ್ತುಹಾಕುತ್ತದೆ. ಕಂಪ್ಯೂಟರ್ ಮತ್ತೆ ಶುರುವಾದಾಗ ತಾನೂ ಏಳಲೆಂದು ವಿಂಡೋಸಿನ ಹೊಂದಿಕೆಗಳ ದಾಖಲೆಯಾದ ರಿಜಿಸ್ಟ್ರಿಯಲ್ಲಿ ಸಿಸ್‌ಹೆಲ್ಪರ್ ಎಂಬ ಹೆಸರಿನ ನಮೂದನ್ನೂ, ಐದೈದು ನಿಮಿಷಕ್ಕೊಮ್ಮೆ ತನ್ನನ್ನು ಎಬ್ಬಿಸಲೆಂದು ಟಾಸ್ಕ್ ಶೆಡ್ಯೂಲರಿನಲ್ಲಿ ಟೈಮ್ ಟ್ರಿಗರ್ ಟಾಸ್ಕ್ ಎಂಬ ಕೆಲಸವನ್ನೂ ದಾಖಲಿಸುತ್ತದೆ. ದಾಳಿ ಮುಗಿಯಿತೆಂದುಕೊಂಡು ಪೆನ್‌ಡ್ರೈವ್ ಚುಚ್ಚಿದವರ ಪೆನ್‌ಡ್ರೈವೂ ಹಾಳಾಗುವುದು ಈ ಐದು ನಿಮಿಷದ ಕೆಲಸದಿಂದಲೇ.

ಮುಂದಿನದು ಕೀಲಿಯ ವ್ಯವಹಾರ. ಕಾರ್ಯಕ್ರಮವು ನಿಮ್ಮ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸದಿಂದ (ಆ ಕಾರ್ಡಿಗೇ ಮೀಸಲಾದ ಸಂಖ್ಯೆ) ಒಂದು ಗುರುತನ್ನು ಲೆಕ್ಕಹಾಕಿ ತನ್ನ ಒಡೆಯರ ಸರ್ವರಿಗೆ ಕಳಿಸುತ್ತದೆ. ಸರ್ವರ್ ಅದಕ್ಕೆಂದೇ, ಒಂದರಿಂದ ಮುಚ್ಚಿದ್ದನ್ನು ಇನ್ನೊಂದರಿಂದ ಮಾತ್ರ ಬಿಡಿಸಬಹುದಾದ ಒಂದು ಜೋಡಿ ಆರ್‌ಎಸ್‌ಎ ಕೀಲಿಗಳನ್ನು ಸಿದ್ಧಪಡಿಸಿ, ಸಾರ್ವಜನಿಕ ಕೀಲಿಯನ್ನೂ ಒಂದು ವೈಯಕ್ತಿಕ ಐಡಿಯನ್ನೂ ಮರಳಿಸುತ್ತದೆ. ಖಾಸಗಿ ಕೀಲಿ ಅಲ್ಲೇ ಉಳಿಯುತ್ತದೆ, ನಿಮ್ಮ ಕಂಪ್ಯೂಟರಿಗೆ ಅದು ಬರುವುದೇ ಇಲ್ಲ. ದೇವಸ್ಥಾನದ ಹುಂಡಿಗೆ ಯಾರು ಬೇಕಾದರೂ ಕಾಣಿಕೆ ಹಾಕಬಹುದು, ತೆಗೆಯುವವರು ಮಾತ್ರ ಕೀಲಿ ಇಟ್ಟುಕೊಂಡವರೇ ಆಗಿರಬೇಕು. ಸಾರ್ವಜನಿಕ ಕೀಲಿಯಿಂದ ಆಗುವ ಕೆಲಸ ಅಷ್ಟೇ. ಆದ್ದರಿಂದ ನಿಮ್ಮ ಡಿಸ್ಕನ್ನು ಎಷ್ಟೇ ಜಾಲಾಡಿದರೂ ಬಿಡಿಸುವ ಕೀಲಿ ಅದರಲ್ಲಿ ಸಿಗುವುದಿಲ್ಲ, 2048 ಬಿಟ್‌ಗಳ ಆರ್‌ಎಸ್‌ಎ ಕೀಲಿಯನ್ನು ಊಹಿಸಿ ಬಿಡಿಸುವ ಶಕ್ತಿ ಇಂದಿನ ಯಾವ ಕಂಪ್ಯೂಟರಿಗೂ ಇಲ್ಲ.

ಸರ್ವರ್ ಸಿಗದೇ ಹೋದರೆ ಏನು? ಆಗ ಕಾರ್ಯಕ್ರಮವು ತನ್ನೊಳಗೇ ಹುದುಗಿಸಿಟ್ಟ ಒಂದು ಸಾರ್ವಜನಿಕ ಕೀಲಿಯನ್ನು ಬಳಸುತ್ತದೆ. ಅದು ಆಫ್‌ಲೈನ್ ಕೀಲಿ. ಆ ಆವೃತ್ತಿಯಲ್ಲಿ ಹಾಗೆ ಸಿಕ್ಕಿಬಿದ್ದವರೆಲ್ಲರಿಗೂ ಒಂದೇ ಕೀಲಿ, ಒಂದೇ ಐಡಿ. ಆ ಐಡಿಯ ಕೊನೆಯ ಎರಡು ಅಕ್ಷರಗಳು ರೋಮನ್ ಲಿಪಿಯ ಸಣ್ಣ ಟಿ ಮತ್ತು ಅಂಕಿ 1 ಆಗಿರುತ್ತವೆ. ನೀವು ಕಳಿಸಿದ ಚೀಟಿಯಲ್ಲಿರುವ ಐಡಿ ಹಾಗೆ ಕೊನೆಗೊಳ್ಳುತ್ತಿಲ್ಲ. ಅಂದರೆ ನಿಮ್ಮ ಪಾಲಿಗೆ ಬಂದಿರುವುದು ಆನ್‌ಲೈನ್ ಕೀಲಿ. ಇದು ಕೆಟ್ಟ ಸುದ್ದಿಯೆಂದು ನೇರವಾಗಿ ಹೇಳಿಬಿಡುವುದೇ ಸರಿ. ಆದರೂ ಸಿ ಡ್ರೈವಿನಲ್ಲಿ ಸಿಸ್ಟಮ್‌ಐಡಿ ಎಂಬ ಫೋಲ್ಡರಿನೊಳಗಿನ ಪರ್ಸನಲ್‌ಐಡಿ ಕಡತವನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಒಂದಕ್ಕಿಂತ ಹೆಚ್ಚು ಐಡಿಗಳಿದ್ದು, ಅವುಗಳಲ್ಲೊಂದು ಟಿ1 ಎಂದು ಮುಗಿಯುತ್ತಿದ್ದರೆ, ನಡುವೆ ಇಂಟರ್ನೆಟ್ ಕಡಿದಾಗ ಕೆಲವು ಕಡತಗಳಿಗೆ ಆಫ್‌ಲೈನ್ ಕೀಲಿ ಬಿದ್ದಿದೆ ಎಂದರ್ಥ, ಅಷ್ಟರಮಟ್ಟಿಗೆ ಆಸೆಗೆ ಎಡೆಯಿದೆ.

ಈಗ ಕಡತದೊಳಗೆ ಇಳಿಯೋಣ. ಕ್ಯಾಮೆರಾದಿಂದ ಬಂದ ಜೆಪೆಗ್ ಫೋಟೋವೊಂದನ್ನು ಕಡತದ ಬೈಟ್‌ಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಸಾಮಾನ್ಯವಾಗಿ ಮೊದಲ ನಾಲ್ಕು ಬೈಟ್‌ಗಳು ಎಫ್‌ಎಫ್, ಡಿ8, ಎಫ್‌ಎಫ್, ಇ1 ಎಂದಿರುತ್ತವೆ. ಐದು ಮತ್ತು ಆರನೆಯ ಬೈಟ್‌ಗಳು ಮುಂದಿನ ಭಾಗ ಎಷ್ಟು ಉದ್ದವೆಂದು ಹೇಳುತ್ತವೆ. ಏಳನೆಯದರಿಂದ ಎಕ್ಸಿಫ್ ಎಂಬ ನಾಲ್ಕು ರೋಮನ್ ಅಕ್ಷರಗಳು, ಅದಾದ ಮೇಲೆ ಕ್ಯಾಮೆರಾದ ಹೆಸರು, ತೆಗೆದ ದಿನ, ಲೆನ್ಸಿನ ವಿವರ ಇತ್ಯಾದಿ ಓದಲು ಬರುವಂತೆ ಕಾಣುತ್ತವೆ. ಅದೇ ಫೋಟೋದ ಹಾಳಾದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಮೊದಲ ಐದು ಬೈಟ್‌ಗಳು ಹಾಗೆಯೇ ಇವೆ. ಆರನೆಯದರಿಂದ ಎಲ್ಲವೂ ಕಲಸುಮೇಲೋಗರ. ಎಕ್ಸಿಫ್ ಎಂಬ ಪದವಿಲ್ಲ, ಕ್ಯಾಮೆರಾದ ಹೆಸರಿಲ್ಲ. ಕೆಳಕ್ಕೆ ಜಾರುತ್ತ ಸುಮಾರು 1,53,600ನೆಯ ಬೈಟ್ ದಾಟಿದ ಮೇಲೆ ಎರಡೂ ಕಡತಗಳು ಮತ್ತೆ ಒಂದಕ್ಕೊಂದು ಹೊಂದಿಕೊಳ್ಳತೊಡಗುತ್ತವೆ, ಕೊನೆಯವರೆಗೂ ಹೊಂದಿಕೊಂಡೇ ಇರುತ್ತವೆ. ತೀರ ಕೊನೆಯಲ್ಲಿ ಮಾತ್ರ ಮೂಲದಲ್ಲಿ ಇಲ್ಲದ 334 ಬೈಟ್‌ಗಳ ಒಂದು ಬಾಲವಿದೆ (ಹೆಸರಿನ ಬಾಲವಲ್ಲ, ಕಡತದೊಳಗಿನದು): 256 ಬೈಟ್‌ಗಳಷ್ಟು ಆರ್‌ಎಸ್‌ಎಯಿಂದ ಮುಚ್ಚಿದ ಕೀಲಿ, 40 ಅಕ್ಷರಗಳ ನಿಮ್ಮ ಐಡಿ, ಸುರುಳಿ ಆವರಣಗಳೊಳಗೆ ಕೂತ 38 ಅಕ್ಷರಗಳ ಒಂದು ಸ್ಥಿರ ಗುರುತು. ಆ ಗುರುತು ಕಾರ್ಯಕ್ರಮವು ತನಗೇ ಮಾಡಿಕೊಂಡ ಟಿಪ್ಪಣಿ, ಈ ಕಡತ ಮುಗಿದಿದೆ, ಮತ್ತೆ ಮುಟ್ಟಬೇಡ ಎಂದು.

ಒಂದೊಂದು ಕಡತಕ್ಕೂ ಹೊಸದಾಗಿ ಒಂದು ಯಾದೃಚ್ಛಿಕ ಕೀಲಿ ಹುಟ್ಟುತ್ತದೆ. ಅದನ್ನು ಸಾಲ್ಸಾ20 ಎಂಬ ಗೂಢಲಿಪಿ ವಿಧಾನಕ್ಕೆ ಕೊಟ್ಟು ಕಡತದ ತಲೆಭಾಗವನ್ನು ಎನ್‌ಕ್ರಿಪ್ಟ್ ಮಾಡಲಾಗುತ್ತದೆ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಕಲಸಲಾಗುತ್ತದೆ. ಕೆಲಸ ಮುಗಿದ ಮೇಲೆ ಆ ಕೀಲಿಯನ್ನೇ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಡತದ ಬಾಲಕ್ಕೆ ಅಂಟಿಸಲಾಗುತ್ತದೆ. ಸಾಲ್ಸಾ20 ವೇಗದ್ದು, ಆರ್‌ಎಸ್‌ಎ ನಿಧಾನದ್ದು. ವೇಗದ್ದರಿಂದ ದತ್ತಾಂಶವನ್ನೂ ನಿಧಾನದ್ದರಿಂದ ಬರೀ ಕೀಲಿಯನ್ನೂ ಮುಚ್ಚುವ ಈ ಜೋಡಣೆ ಹೊಸದೇನಲ್ಲ. ಬ್ಯಾಂಕುಗಳ ಜಾಲತಾಣಗಳಿಗೆ ರಕ್ಷಣೆ ಕೊಡುವ ಗಣಿತದ ತತ್ವವೂ ಇದೇ ಬಗೆಯದು. ಎನ್‌ಕ್ರಿಪ್ಟ್ ಆದ ಬೈಟ್‌ಗಳನ್ನು ಮೂಲ ಕಡತದ ಜಾಗದಲ್ಲೇ ಬರೆದು ಅನಂತರ ಹೆಸರು ಬದಲಿಸುವುದರಿಂದ, ಅಳಿಸಿದ ಕಡತಗಳನ್ನು ಮರಳಿ ತರುವ ತಂತ್ರಾಂಶಗಳು ಆ ಡಿಸ್ಕಿನಲ್ಲಿ ಹೆಚ್ಚೇನೂ ಹುಡುಕಿ ಕೊಡುವುದಿಲ್ಲ.

ತಲೆಭಾಗವನ್ನು ಮಾತ್ರ ಕೆಡಿಸುವುದು ವೇಗಕ್ಕಾಗಿ, ನೀವು ಕೇಳಿದ "ಇಷ್ಟು ಬೇಗ ಹೇಗೆ" ಎಂಬುದರ ಉತ್ತರವೂ ಅಲ್ಲೇ ಇದೆ. ನಿಮ್ಮಲ್ಲಿ ತಲಾ 8 ಮೆಗಾಬೈಟ್‌ನ 20,000 ಫೋಟೋಗಳಿವೆ ಎಂದಿಟ್ಟುಕೊಳ್ಳೋಣ. ಪೂರ್ತಿ ಎನ್‌ಕ್ರಿಪ್ಟ್ ಮಾಡಬೇಕಾದರೆ 160 ಗಿಗಾಬೈಟ್ ಓದಿ 160 ಗಿಗಾಬೈಟ್ ಬರೆಯಬೇಕು. ಸೆಕೆಂಡಿಗೆ 100 ಮೆಗಾಬೈಟ್ ವೇಗದ ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಅದಕ್ಕೆ ಒಂದು ಗಂಟೆಯ ಹತ್ತಿರ ಬೇಕು, ಅಷ್ಟರಲ್ಲಿ ಕಂಪ್ಯೂಟರ್ ತಡವರಿಸಿ ಯಾರಿಗಾದರೂ ಸಂಶಯ ಬರುತ್ತದೆ. ತಲಾ 150 ಕಿಲೋಬೈಟ್ ಮಾತ್ರ ಮುಟ್ಟಿದರೆ ಒಟ್ಟು 3 ಗಿಗಾಬೈಟ್, ಅಂದರೆ ಕೆಲವೇ ನಿಮಿಷಗಳ ಕೆಲಸ. ಈ ತಳಿಯ ಹಳೆಯ ಆವೃತ್ತಿಗಳು ಆ ಕೆಲವು ನಿಮಿಷವೂ ಜನ ಸುಮ್ಮನಿರಲೆಂದು ವಿಂಡೋಸ್ ಅಪ್‌ಡೇಟ್‌ನ ಹುಸಿ ಕಿಟಕಿಯೊಂದನ್ನು ತೋರಿಸುತ್ತಿದ್ದವು.

ಇಲ್ಲಿಂದಲೇ ನಿಮಗೆ ಅನುಕೂಲದ ಮಾತು ಶುರುವಾಗುತ್ತದೆ. ದಾಳಿಕೋರರ ಅವಸರದಿಂದಾಗಿ ನಿಮ್ಮ ದೊಡ್ಡ ಕಡತಗಳ ಬಹುಪಾಲು ದತ್ತಾಂಶ ಇನ್ನೂ ಡಿಸ್ಕಿನಲ್ಲಿ ಮುಟ್ಟದೆ ಬಿದ್ದಿದೆ. ಫಾರ್ಮ್ಯಾಟ್ ಬೇಡವೆಂದದ್ದು ಇದಕ್ಕೇ.

ವಿಡಿಯೋಗಳ ವಿಷಯದಲ್ಲಿ ಆಸೆ ಹೆಚ್ಚು. ಕ್ಯಾಮೆರಾಗಳು ಎಂಪಿ4 ಕಡತ ಬರೆಯುವಾಗ ದೃಶ್ಯ ಮತ್ತು ಧ್ವನಿಯ ದತ್ತಾಂಶವನ್ನು ಮೊದಲು ಬರೆದು, ಯಾವ ಚೌಕಟ್ಟು ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತವೆ. ಆ ಸೂಚಿ ಉಳಿದಿರುವುದರಿಂದ ದುರಸ್ತಿಯ ತಂತ್ರಾಂಶಗಳು ಮೊದಲ ಕ್ಷಣಗಳನ್ನು ಬಿಟ್ಟು ಉಳಿದ ಮುಹೂರ್ತವನ್ನೆಲ್ಲ ಮರಳಿ ಕೊಡಬಲ್ಲವು. ಜಾಲತಾಣಕ್ಕೆಂದು ಸಂಪಾದಿಸಿ ಹೊರತೆಗೆದ ವಿಡಿಯೋಗಳಲ್ಲಿ ಸೂಚಿ ಮುಂದಿರಬಹುದು. ಅವಕ್ಕೆ ಅದೇ ಬಗೆಯಲ್ಲಿ ಹೊರತೆಗೆದ ಇನ್ನೊಂದು ಸರಿಯಾದ ವಿಡಿಯೋ ಮಾದರಿಯಾಗಿ ಬೇಕಾಗುತ್ತದೆ. ಜಿಪ್ ಕಡತಗಳ ಪರಿವಿಡಿಯೂ ಕೊನೆಯಲ್ಲೇ ಇರುವುದರಿಂದ ಮೊದಲ ಒಂದೆರಡು ಕಡತಗಳು ಹೋಗಿ ಉಳಿದವು ಸಿಗುತ್ತವೆ.

ಜೆಪೆಗ್‌ನದು ಸ್ವಲ್ಪ ಕಷ್ಟದ ಕೆಲಸ. ಚಿತ್ರವನ್ನು ಬಿಡಿಸಿ ತೋರಿಸಲು ಬೇಕಾದ ಕೋಷ್ಟಕಗಳೆಲ್ಲ ತಲೆಭಾಗದಲ್ಲಿದ್ದು ಅವೀಗ ಹೋಗಿವೆ. ಆದರೆ ಅದೇ ಕ್ಯಾಮೆರಾದಲ್ಲಿ, ಅದೇ ಅಳತೆ ಮತ್ತು ಗುಣಮಟ್ಟದಲ್ಲಿ ತೆಗೆದ ಇನ್ನೊಂದು ಒಳ್ಳೆಯ ಫೋಟೋದ ತಲೆಯನ್ನು ಈ ಮುಂಡಕ್ಕೆ ಜೋಡಿಸಿದರೆ, ಮೇಲಿನ ಒಂದು ಪಟ್ಟಿಯಷ್ಟು ಹಾಳಾಗಿದ್ದರೂ ಉಳಿದ ಚಿತ್ರ ಕಾಣಿಸಿಕೊಳ್ಳುತ್ತದೆ. ಬಣ್ಣ ಏರುಪೇರಾಗಿದ್ದರೆ ಅದನ್ನು ಆಮೇಲೆ ಸರಿಪಡಿಸಬೇಕು. ದೊಡ್ಡ ಗಾತ್ರದ ಫೋಟೋಗಳಲ್ಲಿ ಇದು ಚೆನ್ನಾಗಿ ಒಗ್ಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬಂದ 100 ಕಿಲೋಬೈಟ್ ಚಿತ್ರಗಳು, ವರ್ಡ್ ಮತ್ತು ಎಕ್ಸೆಲ್‌ನ ಸಣ್ಣ ಬಿಲ್ಲುಗಳು ತಲೆಯಿಂದ ಬಾಲದವರೆಗೂ ಹೋಗಿವೆ; ಅವನ್ನು ಇಮೇಲಿನಲ್ಲೋ ಗಿರಾಕಿಗಳ ಫೋನಿನಲ್ಲೋ ಹುಡುಕುವುದೇ ಒಳ್ಳೆಯದು.

ಇವೆಲ್ಲಕ್ಕಿಂತ ಮೊದಲು ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನು ತೆಗೆದಿಡಿ. ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದ್ದರೂ ಅದರ ಮೇಲೆ ಹೊಸ ಫೋಟೋ ಬೀಳದಿದ್ದರೆ ಹಳೆಯವು ಬಹುಮಟ್ಟಿಗೆ ಅಲ್ಲೇ ಇರುತ್ತವೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಅವನ್ನು ಹೆಕ್ಕಿ ಕೊಡುತ್ತದೆ. ಇದನ್ನು ಬೇರೆ ಕಂಪ್ಯೂಟರಿನಲ್ಲಿ ಮಾಡಿ, ಆ ಕಾರ್ಡಿನಲ್ಲಿ ಮುಂದಿನ ಮದುವೆಯ ಕೆಲಸಕ್ಕೆ ಹೋಗಬೇಡಿ.

ಉಚಿತವಾಗಿ ಬಿಡಿಸಿಕೊಡುವ ಸಲಕರಣೆಯ ಬಗ್ಗೆ ನೀವು ಖಂಡಿತ ಹುಡುಕುತ್ತೀರಿ, ಆದ್ದರಿಂದ ಅದರ ಮಿತಿಯನ್ನೂ ಹೇಳಬೇಕು. 2019ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಎಂಬ ಆಂಟಿವೈರಸ್ ಸಂಸ್ಥೆಯು ರ‍್ಯಾನ್ಸಮ್‌ವೇರ್ ಸಂಶೋಧಕ ಮೈಕೆಲ್ ಗಿಲೆಸ್ಪಿಯವರ ಜೊತೆಗೂಡಿ ಈ ತಳಿಯ 148 ಬಗೆಗಳಿಗೆ ಬಿಡಿಸುವ ತಂತ್ರಾಂಶವನ್ನು ಹೊರತಂದಿತು. ಅದು ಸಾಧ್ಯವಾದದ್ದು ಹಳೆಯ ಆವೃತ್ತಿಗಳ ಒಂದು ದೋಷದಿಂದ. ಸಾಲ್ಸಾ20 ಒಂದು ಉದ್ದನೆಯ ಯಾದೃಚ್ಛಿಕ ಬೈಟ್‌ಗಳ ಹೊಳೆಯನ್ನು ಹರಿಸಿ, ಅದನ್ನು ಕಡತದ ಬೈಟ್‌ಗಳ ಜೊತೆ ಕೂಡಿಸುತ್ತದೆ. ಹಳೆಯ ಆವೃತ್ತಿಗಳಲ್ಲಿ ಮೊದಲ ಐದು ಬೈಟ್‌ಗಳು ಒಂದೇ ಆಗಿರುವ ಕಡತಗಳಿಗೆಲ್ಲ ಒಂದೇ ಹೊಳೆ ಹರಿಯುತ್ತಿತ್ತು. ಹಾಗಾಗಿ ಒಂದು ಮೂಲ ಕಡತವೂ ಅದರ ಹಾಳಾದ ಪ್ರತಿಯೂ ಜೊತೆಗೆ ಸಿಕ್ಕರೆ ಆ ಬೈಟ್‌ಗಳನ್ನು ಕಂಡುಹಿಡಿದು ಅದೇ ಬಗೆಯ ಉಳಿದ ಕಡತಗಳನ್ನೂ ಬಿಡಿಸಬಹುದಿತ್ತು. ಐದನೆಯ ಬೈಟ್ ಎಕ್ಸಿಫ್ ಭಾಗದ ಉದ್ದಕ್ಕೆ ಸೇರಿದ್ದರಿಂದ, ಬೇರೆ ಬೇರೆ ಕ್ಯಾಮೆರಾದ ಫೋಟೋಗಳಿಗೆ ಬೇರೆ ಬೇರೆ ಜೋಡಿ ಬೇಕಾಗುತ್ತಿತ್ತು ಎಂಬುದು ಛಾಯಾಗ್ರಾಹಕರಿಗೆ ಸ್ವಾರಸ್ಯವಾಗಿ ಕಂಡೀತು. 2019ರ ಆಗಸ್ಟ್ ಹೊತ್ತಿಗೆ ಬಂದ ಹೊಸ ಆವೃತ್ತಿಗಳಲ್ಲಿ ಮೇಲೆ ವಿವರಿಸಿದ ಆರ್‌ಎಸ್‌ಎ ಏರ್ಪಾಡು ಬಂದು ಈ ದಾರಿ ಮುಚ್ಚಿಹೋಯಿತು. ಈಗ ಆ ತಂತ್ರಾಂಶ ಬಿಡಿಸಬಲ್ಲದ್ದು ಹಳೆಯವನ್ನೂ, ಯಾರಾದರೂ ಹಣ ತೆತ್ತು ಪಡೆದ ಖಾಸಗಿ ಕೀಲಿಯನ್ನು ಹಂಚಿಕೊಂಡಿರುವ ಆಫ್‌ಲೈನ್ ಐಡಿಗಳ ಕಡತಗಳನ್ನೂ ಮಾತ್ರ. ನಿಮ್ಮಂತೆ ಆನ್‌ಲೈನ್ ಕೀಲಿ ಬಿದ್ದವರಿಗೆ ಅದು ಸಾಧ್ಯವಿಲ್ಲವೆಂದೇ ಹೇಳುತ್ತದೆ, ಆ ಮಾತು ನಿಜ.

"ಆನ್‌ಲೈನ್ ಕೀಲಿಯನ್ನೂ ಬಿಡಿಸಿಕೊಡುತ್ತೇವೆ" ಎನ್ನುವ ವಿಡಿಯೋಗಳಿಂದ ದೂರವಿರಿ. 2020ರಲ್ಲಿ ಜೋರಾಬ್ ಎಂಬ ಇನ್ನೊಂದು ರ‍್ಯಾನ್ಸಮ್‌ವೇರ್ ಇದೇ ತಳಿಯನ್ನು ಬಿಡಿಸುವ ಸಲಕರಣೆಯ ವೇಷದಲ್ಲಿ ಹರಡಿ, ಮೊದಲೇ ಬೀಗ ಬಿದ್ದ ಕಡತಗಳಿಗೆ ಎರಡನೆಯ ಬೀಗ ಹಾಕಿತು. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದು.

ಆಂಟಿವೈರಸ್ ಏಕೆ ಹಿಡಿಯಲಿಲ್ಲ ಎಂಬುದಕ್ಕೆ ಬರುತ್ತೇನೆ. ಕ್ರ್ಯಾಕ್‌ಗಳು ಬಹಳಷ್ಟು ಸಲ ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ ಬರುತ್ತವೆ, ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿರುತ್ತಾರೆ. ಅದರಿಂದ ಡೌನ್‌ಲೋಡ್ ಆಗುವಾಗ ಆಂಟಿವೈರಸ್‌ಗೆ ಒಳಗೇನಿದೆ ಎಂದು ಕಾಣುವುದಿಲ್ಲ. ಜೊತೆಗಿರುವ ಸೂಚನೆಯಲ್ಲಿ "ಮೊದಲು ಆಂಟಿವೈರಸ್ ಆಫ್ ಮಾಡಿ, ಕ್ರ್ಯಾಕ್ ಆದ್ದರಿಂದ ಅದು ಸುಳ್ಳು ಎಚ್ಚರಿಕೆ ಕೊಡುತ್ತದೆ" ಎಂದಿರುತ್ತದೆ. ನಿಮ್ಮ ಹುಡುಗನನ್ನು ಒಮ್ಮೆ ಸಮಾಧಾನದಿಂದ ಕೇಳಿ ನೋಡಿ, ಅವನೇ ಆಫ್ ಮಾಡಿರುವ ಸಾಧ್ಯತೆ ಹೆಚ್ಚು. ಗದರಿಸಿದರೆ ನಿಜ ಹೊರಬರುವುದಿಲ್ಲ, ಪತ್ತೆಗೆ ಬೇಕಾದ ವಿವರಗಳೂ ಹೋಗುತ್ತವೆ. ಆಫ್ ಮಾಡದಿದ್ದರೂ, ಕಾರ್ಯಕ್ರಮದ ಹೊರಕವಚವನ್ನು ಮತ್ತೆ ಮತ್ತೆ ಹೊಸದಾಗಿ ಸುತ್ತಿ ಬಿಡುಗಡೆ ಮಾಡುವುದರಿಂದ ನಿನ್ನೆಯ ಗುರುತಿನ ಪಟ್ಟಿಗೆ ಇಂದಿನ ಪ್ರತಿ ಸಿಗುವುದಿಲ್ಲ. ಗುರುತಿನ ಪಟ್ಟಿಯನ್ನೇ ನಂಬಿದ ಪತ್ತೆ ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಹಾಗಾದರೆ ಕಡತಗಳನ್ನೇ ನೋಡಿ ಪತ್ತೆಮಾಡಬಹುದಲ್ಲವೇ ಎನ್ನಿಸಬಹುದು. ಇದಕ್ಕೆ ಎರಡು ಉಪಾಯಗಳು ಬಳಕೆಯಲ್ಲಿವೆ, ಎರಡೂ ಈ ತಳಿಯ ಮುಂದೆ ಮುಗ್ಗರಿಸುತ್ತವೆ. ಮೊದಲನೆಯದು, ಕಡತದ ಮೊದಲ ಬೈಟ್‌ಗಳ ಮುದ್ರೆ ಅದರ ಬಗೆಗೆ ಹೊಂದುತ್ತದೆಯೇ ಎಂದು ನೋಡುವುದು. ಮೊದಲ ಐದು ಬೈಟ್‌ಗಳನ್ನು ಇದು ಮುಟ್ಟುವುದೇ ಇಲ್ಲವಾದ್ದರಿಂದ ನಾಲ್ಕು ಬೈಟ್ ನೋಡಿ ತೃಪ್ತಿಪಡುವ ಸಲಕರಣೆಗೆ ಹಾಳಾದ ಫೋಟೋ ಒಳ್ಳೆಯ ಫೋಟೋದಂತೆಯೇ ಕಾಣುತ್ತದೆ. ಆರನೆಯ ಬೈಟಿನಿಂದಾಚೆಗೂ ನೋಡಬೇಕು: ಎಕ್ಸಿಫ್ ಇರಬೇಕಾದ ಜಾಗದಲ್ಲಿ ಅದಿದೆಯೇ?

ಎರಡನೆಯದು ಎಂಟ್ರೊಪಿ, ಅಂದರೆ ಬೈಟ್‌ಗಳು ಎಷ್ಟು ಅಡ್ಡಾದಿಡ್ಡಿಯಾಗಿ ಹಂಚಿಹೋಗಿವೆ ಎಂಬ ಅಳತೆ. ಒಂದು ಬೈಟಿಗೆ ಗರಿಷ್ಠ 8 ಬಿಟ್. ಎನ್‌ಕ್ರಿಪ್ಟ್ ಆದ ದತ್ತಾಂಶ 8ಕ್ಕೆ ತೀರ ಹತ್ತಿರವಿರುತ್ತದೆ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದ ಕನ್ನಡ ಪಠ್ಯವನ್ನೇ ತೆಗೆದುಕೊಳ್ಳಿ. ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಅವುಗಳಲ್ಲಿ ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಮೂರರಲ್ಲಿ ಎರಡು ಬೈಟ್‌ಗಳು ಹೀಗೆ ಪುನರಾವರ್ತನೆಯಾಗುವುದರಿಂದ ಎಂಟ್ರೊಪಿ 4ರ ಆಚೀಚೆಯಷ್ಟೇ ಇರುತ್ತದೆ, ಎನ್‌ಕ್ರಿಪ್ಟ್ ಆದ ಕೂಡಲೇ ಜಿಗಿಯುತ್ತದೆ. ಇಂಥ ಜಿಗಿತ ಯಾವ ಕಾವಲುಗಾರನ ಕಣ್ಣಿಗೂ ಬೀಳುತ್ತದೆ. ಆದರೆ ಜೆಪೆಗ್, ಎಂಪಿ4, ಜಿಪ್ ಮೊದಲೇ ಸಂಕುಚಿತಗೊಂಡ ಕಡತಗಳು, ಅವುಗಳ ಎಂಟ್ರೊಪಿ ಆರೋಗ್ಯವಾಗಿದ್ದಾಗಲೇ 8ರ ಹತ್ತಿರ. ನಿಮ್ಮ ಸ್ಟುಡಿಯೋದಲ್ಲಿರುವುದೆಲ್ಲ ಅಂಥವೇ. ಪಠ್ಯವಾದರೂ ಸಿಕ್ಕಿಬೀಳಲಿ ಎಂದರೆ, 2021ರಲ್ಲಿ ಕಾಣಿಸಿಕೊಂಡ ಲಾಕ್‌ಫೈಲ್ ಎಂಬ ತಳಿ 16 ಬೈಟ್ ಬಿಟ್ಟು 16 ಬೈಟ್ ಎನ್‌ಕ್ರಿಪ್ಟ್ ಮಾಡಿ, ಪಠ್ಯದ ಅಂಕಿಅಂಶ ಅರ್ಧಂಬರ್ಧ ಮೊದಲಿನಂತೆಯೇ ಉಳಿಯುವ ಹಾಗೆ ನೋಡಿಕೊಂಡಿತು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಕಡತ ಹೇಗಿದೆ ಎಂಬುದಕ್ಕಿಂತ ಕಾರ್ಯಕ್ರಮ ಏನು ಮಾಡುತ್ತಿದೆ ಎಂದು ನೋಡುವುದೇ ನಂಬಬಹುದಾದ ಪತ್ತೆ. ಆಲ್ಬಂ ತಂತ್ರಾಂಶವೂ ನೂರಾರು ಫೋಟೋ ತೆರೆಯುತ್ತದೆ, ಬ್ಯಾಕಪ್ ತಂತ್ರಾಂಶ ಸಾವಿರಾರು ತೆರೆಯುತ್ತದೆ. ಆದರೆ ಒಂದೇ ಕಾರ್ಯಕ್ರಮವು ಒಂದಕ್ಕೊಂದು ಸಂಬಂಧವಿಲ್ಲದ ಫೋಲ್ಡರುಗಳಿಗೆ ನುಗ್ಗಿ, ಪ್ರತಿ ಕಡತದ ತಲೆಯನ್ನು ಓದಿ, ಅದೇ ಜಾಗದಲ್ಲಿ ಬರೆದು, ಬಾಲಕ್ಕೆ ಅಷ್ಟೇ ಅಳತೆಯ ತುಂಡು ಸೇರಿಸಿ, ಎಲ್ಲಕ್ಕೂ ಒಂದೇ ಹೊಸ ಬಾಲದ ಹೆಸರಿಟ್ಟು, ಪ್ರತಿ ಫೋಲ್ಡರಿನಲ್ಲೂ ಒಂದೇ ಹೆಸರಿನ ಟೆಕ್ಸ್ಟ್ ಕಡತ ಬಿಟ್ಟುಹೋಗುವುದು ಯಾವ ಸಭ್ಯ ತಂತ್ರಾಂಶದ ನಡತೆಯೂ ಅಲ್ಲ. ಅದಕ್ಕೂ ಮುಂಚಿನ ಹೆಜ್ಜೆಗಳು ಇನ್ನೂ ಬೆಲೆಯುಳ್ಳವು, ಏಕೆಂದರೆ ಆಗ ಒಂದು ಕಡತವೂ ಹಾಳಾಗಿರುವುದಿಲ್ಲ: ಆ್ಯಪ್‌ಡೇಟಾದಿಂದ ಓಡುವ ಹೆಸರಿಲ್ಲದ ಕಾರ್ಯಕ್ರಮ, ಐಕ್ಯಾಕ್ಲ್ಸ್‌ನಿಂದ ಎಲ್ಲರಿಗೂ ಅನುಮತಿ ನಿರಾಕರಣೆ, ಹೊಸ ಶೆಡ್ಯೂಲ್ಡ್ ಟಾಸ್ಕ್, ಬ್ರೌಸರ್ ಅಲ್ಲದ ಕಾರ್ಯಕ್ರಮವೊಂದು ವಿಳಾಸ-ಶೋಧ ಸೇವೆಯನ್ನು ಕೇಳುವುದು. ಮೈಕ್ರೋಸಾಫ್ಟ್‌ನ ಉಚಿತ ಸಿಸ್‌ಮಾನ್ ಸಲಕರಣೆ ಹಾಕಿದ್ದರೆ ಕಾರ್ಯಕ್ರಮ ಶುರುವಾದದ್ದು 1ನೆಯ ಸಂಖ್ಯೆಯ ಘಟನೆಯಾಗಿ, ಕಡತ ಹುಟ್ಟಿದ್ದು 11 ಆಗಿ, ಡಿಎನ್‌ಎಸ್ ವಿಚಾರಣೆ (ಯಾವ ಜಾಲತಾಣದ ವಿಳಾಸವನ್ನು ಕೇಳಿತು ಎಂಬುದು) 22 ಆಗಿ ದಾಖಲಾಗುತ್ತವೆ. ಹತ್ತಾರು ಕಂಪ್ಯೂಟರುಗಳ ಕಚೇರಿ ನೋಡಿಕೊಳ್ಳುವವರು ಈ ಮೂರನ್ನು ಹೆಣೆದು ಎಚ್ಚರಿಕೆ ಹೊಂದಿಸಿಕೊಳ್ಳಬೇಕು.

ಒಂದೆರಡು ಕಂಪ್ಯೂಟರುಗಳ ಸ್ಟುಡಿಯೋಗೆ ಅಷ್ಟೆಲ್ಲ ಆಗದ ಮಾತು. ನಿಮಗೆ ನಾನು ಸೂಚಿಸುವುದು ವಿಂಡೋಸಿನಲ್ಲೇ ಇರುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಸೌಲಭ್ಯವನ್ನು. 2017ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಇದು ಇದೆ. ತಾನಾಗಿ ಶುರುವಾಗಿರುವುದಿಲ್ಲ, ವಿಂಡೋಸಿನದೇ ಆಂಟಿವೈರಸ್ ಆದ ಡಿಫೆಂಡರ್ ಬದಲು ಬೇರೆ ಆಂಟಿವೈರಸ್ ಹಾಕಿದ್ದರೆ ಕೆಲಸವೂ ಮಾಡುವುದಿಲ್ಲ. ಶುರುಮಾಡಿ ಫೋಟೋಗಳ ಡ್ರೈವನ್ನು ಅದರ ಪಟ್ಟಿಗೆ ಸೇರಿಸಿದರೆ, ಡಿಫೆಂಡರ್ ನಂಬದ ಯಾವ ಕಾರ್ಯಕ್ರಮವೂ ಅಲ್ಲಿ ಬರೆಯಲಾಗದು. ತಡೆದ ಪ್ರತಿಸಲವೂ 1123 ಸಂಖ್ಯೆಯ ಘಟನೆ ದಾಖಲಾಗುತ್ತದೆ. ಆರಂಭದಲ್ಲಿ ನಿಮ್ಮ ಆಲ್ಬಂ ತಂತ್ರಾಂಶವನ್ನೂ ಅದು ತಡೆದು ಕಿರಿಕಿರಿ ಮಾಡೀತು, ಅಂಥವನ್ನು ಒಂದೊಂದಾಗಿ ಒಪ್ಪಿಗೆಯ ಪಟ್ಟಿಗೆ ಹಾಕಿ. ಜೊತೆಗೆ ಪ್ರತಿ ಡ್ರೈವಿನ ಮೊದಲಲ್ಲಿ, ಆಶ್ಚರ್ಯಸೂಚಕ ಚಿಹ್ನೆಯಿಂದ ಶುರುವಾಗುವ ಹೆಸರಿನ ಒಂದು ಫೋಲ್ಡರಿನಲ್ಲಿ ಯಾರಿಗೂ ಬೇಡದ ಹತ್ತಾರು ಫೋಟೋಗಳನ್ನಿಡಿ. ಎನ್‌ಟಿಎಫ್‌ಎಸ್ (ವಿಂಡೋಸ್ ಸಾಮಾನ್ಯವಾಗಿ ಬಳಸುವ ಕಡತ ವ್ಯವಸ್ಥೆ) ಡಿಸ್ಕಿನಲ್ಲಿ ಫೋಲ್ಡರುಗಳ ಪಟ್ಟಿ ಹೆಸರಿನ ಕ್ರಮದಲ್ಲೇ ಸಿಗುವುದರಿಂದ ಸುಲಿಗೆಯ ಕಾರ್ಯಕ್ರಮ ಹೆಚ್ಚಾಗಿ ಅಲ್ಲಿಗೇ ಮೊದಲು ಕೈಹಾಕುತ್ತದೆ. ಆ ಫೋಲ್ಡರಿನ ಮೇಲೆ ಕಣ್ಣಿಟ್ಟು, ಅದರಲ್ಲಿ ಏನೇ ಬದಲಾದರೂ ನೆಟ್‌ವರ್ಕ್ ಕಡಿದು ಕಂಪ್ಯೂಟರನ್ನು ಆರಿಸುವ ಸಣ್ಣ ಸ್ಕ್ರಿಪ್ಟ್ ಬರೆದುಕೊಡಲು ನಿಮ್ಮ ಊರಿನ ಕಂಪ್ಯೂಟರ್ ತಂತ್ರಜ್ಞರಿಗೆ ಹೆಚ್ಚು ಹೊತ್ತು ಬೇಡ.

ಈಗ ಮಾಡಬೇಕಾದದ್ದು. ಈ ತಳಿ ಒಬ್ಬಂಟಿಯಾಗಿ ಬರುವುದು ಕಡಿಮೆ. ಅಜೋರಲ್ಟ್, ವಿಡಾರ್, ರೆಡ್‌ಲೈನ್‌ನಂಥ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶಗಳು ಅದರ ಜೊತೆ ಇಳಿದಿರುವುದು ಹಲವು ಸಲ ಕಂಡುಬಂದಿದೆ. ಬ್ರೌಸರಿನಲ್ಲಿ ಉಳಿಸಿಟ್ಟ ಇಮೇಲ್, ಬ್ಯಾಂಕ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್‌ಗಳೆಲ್ಲ ಹೊರಗೆ ಹೋಗಿವೆ ಎಂದೇ ಭಾವಿಸಿ, ಆ ಕಂಪ್ಯೂಟರನ್ನು ಮುಟ್ಟದೆ ಫೋನಿನಿಂದ ಇವತ್ತೇ ಬದಲಿಸಿ. ಪತ್ರದಲ್ಲಿ ನೀವು ಇದನ್ನು ಕೇಳಿಲ್ಲ, ಆದರೆ ಫೋಟೋಗಳಿಗಿಂತ ಹೆಚ್ಚಿನ ನಷ್ಟ ಇದರಿಂದಲೇ ಆಗಬಹುದು. ಬ್ಯಾಂಕಿನಲ್ಲಿ ಅನುಮಾನದ ವ್ಯವಹಾರ ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ಕಡತಗಳ ಸುಲಿಗೆಯ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿನಲ್ಲೋ ಹಾಸನದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲೋ ಕೊಡಬಹುದು. ಕ್ರ್ಯಾಕ್ ಹಾಕಿದ್ದೆವೆಂಬ ಸಂಕೋಚದಿಂದ ದೂರನ್ನೇ ಕೊಡದಿರುವುದು ಸರಿಯಲ್ಲ.

ಹಣ ಕೊಡುವ ವಿಷಯದಲ್ಲಿ ನನ್ನ ಸಲಹೆ ಬೇಡವೆಂದೇ. ಅವರು ಕೀಲಿ ಕೊಡುತ್ತಾರೆಂಬ ಖಾತರಿಯಿಲ್ಲ. ದೊಡ್ಡ ಫೋಟೋ, ವಿಡಿಯೋಗಳಲ್ಲಿ ಸಾಕಷ್ಟನ್ನು ದುರಸ್ತಿಯಿಂದಲೇ ಪಡೆಯಬಹುದಾದಾಗ, ಸಣ್ಣ ಬಿಲ್ಲುಗಳಿಗಾಗಿ ಅಷ್ಟು ಹಣ ಸುರಿಯುವುದು ಲೆಕ್ಕಕ್ಕೂ ಕೂಡಿಬರುವುದಿಲ್ಲ.

ಕೊನೆಯದಾಗಿ ಡಿಸ್ಕು. ಹೊಸ ಡಿಸ್ಕೊಂದನ್ನು ಕೊಂಡು ಅದರಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿ ಕೆಲಸ ಮುಂದುವರಿಸಿ. ಹಳೆಯದನ್ನು ಹೊರತೆಗೆದು ಅದರ ಪೂರ್ತಿ ಪ್ರತಿಯನ್ನು ಮಾಡಿಸಿಕೊಳ್ಳಿ, ದುರಸ್ತಿಯ ಪ್ರಯೋಗಗಳೆಲ್ಲ ಪ್ರತಿಯ ಮೇಲೇ ನಡೆಯಲಿ. ಚೀಟಿಯನ್ನು, ಪರ್ಸನಲ್‌ಐಡಿ ಕಡತವನ್ನು ಅಳಿಸಬೇಡಿ, ಹಾಳಾದ ಕಡತಗಳ ಹೆಸರಿನ ಬಾಲವನ್ನು ಕೈಯಾರೆ ತಿದ್ದಬೇಡಿ. 2016ರ ಮೇ ತಿಂಗಳಲ್ಲಿ ಟೆಸ್ಲಾಕ್ರಿಪ್ಟ್ ತಳಿಯನ್ನು ನಡೆಸುತ್ತಿದ್ದವರು ಅಂಗಡಿ ಮುಚ್ಚುವಾಗ ತಾವೇ ಮೂಲ ಕೀಲಿಯನ್ನು ಬಿಟ್ಟುಕೊಟ್ಟರು. ಕಡತಗಳನ್ನು ಎತ್ತಿಟ್ಟುಕೊಂಡಿದ್ದವರಿಗೆ ಅವು ಮರಳಿ ಸಿಕ್ಕವು. ನಿಮ್ಮ ಪ್ರತಿ ಕಡತದ ಬಾಲದಲ್ಲೂ ಅದರ ಕೀಲಿ ಮುಚ್ಚಿದ ಸ್ಥಿತಿಯಲ್ಲಿ ಇದ್ದೇ ಇರುವುದರಿಂದ, ಖಾಸಗಿ ಕೀಲಿ ಎಂದಾದರೂ ಹೊರಬಂದರೆ ಆ ಡಿಸ್ಕೊಂದೇ ಸಾಕು. ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯುರೋಪೋಲ್, ನೆದರ್‌ಲ್ಯಾಂಡ್ಸ್ ಪೊಲೀಸರು ಮತ್ತು ಭದ್ರತಾ ಸಂಸ್ಥೆಗಳು 2016ರಲ್ಲಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ಯೋಜನೆಯ ತಾಣವನ್ನು ಆರು ತಿಂಗಳಿಗೊಮ್ಮೆ ನೋಡುತ್ತಿರಿ, ಹೊಸ ಕೀಲಿಗಳು ಬಂದಾಗ ಅಲ್ಲಿ ಪ್ರಕಟವಾಗುತ್ತವೆ.